ಮೋರ್ಯರ ಮನೆಗಳು

ಮನುಷ್ಯನು ತಾನು ಬಾಳಲು ಮನೆ ಕಟ್ಟುತ್ತಾನೆ. ತನ್ನವರು ತೀರಿಹೋದಾಗ ಅವರಿಗಾಗಿಯೂ ಮನೆ ಕಟ್ಟಿದ್ದಾನೆ. ಬಹಳ ಹಿಂದಿನ ಕಾಲದಲ್ಲಿ ಬದುಕಿದ್ದವರ ಮನೆಗಳು ಮಣ್ಣು, ಹುಲ್ಲು, ಬಿದಿರುಗಳಿಂದ ಆದವು. ಅವು ಗಾಳಿ ಮಳೆಗಳಿಗೆ ಸಿಕ್ಕಿ ಮಣ್ಣಾಗಿ ಹೋದವು. ಸತ್ತವರ ಮನೆಗಳು ಮಾತ್ರ ಕಲ್ಲಿನವು. ಅವುಗಳಲ್ಲಿ ಎಷ್ಟೋ ಇಂದಿಗೂ ನಿಂತಿವೆ. ಬರವಣಿಗೆ ಇಲ್ಲದಿದ್ದ ಕಾಲದ ಜನರು ಏನು ಉಂಡರು, ಏನು ಉಟ್ಟರು, ಯಾವುದನ್ನು ನಂಬಿದರು ಎಂಬುದನ್ನು ಅರಿಯಲು ಈ ಕಲ್ಲಿನ ಮನೆಗಳೇ ನಮಗೆ ಪುಸ್ತಕಗಳು.

ಈ ಪುಸ್ತಕಗಳನ್ನು ಓದಲು ನಾವೊಂದು ಪ್ರವಾಸ ಹೊರಡೋಣ. ಜೊತೆಗೆ ಕುಪವಾಡದ ದಂಪತಿಗಳಿಬ್ಬರನ್ನು ಕರೆದುಕೊಳ್ಳೋಣ. ಇವರು ನಮ್ಮ ಕಲ್ಪನೆಯ ದಂಪತಿಗಳು. ಸಾಂಗಲಿ ಮತ್ತು ಮಿರಜಗಳಿಗೆ ಹೊಂದಿಕೊಂಡಿರುವ ಕುಪವಾಡದ ಎಂಐಡಿಸಿಯಲ್ಲಿ ಇಬ್ಬರಿಗೂ ಕೆಲಸ. ಗಂಡ ಎರಕದ ಕಾರ್ಖಾನೆಯಲ್ಲಿದ್ದಾರೆ. ಕಾದು ನೀರಾದ ಕಬ್ಬಿಣವನ್ನು ಉಸುಕಿನ ಅಚ್ಚಿಗೆ ಹೊಯ್ಯುವುದು ಅವರ ದಿನನಿತ್ಯದ ಕಾಯಕ. ಹೆಂಡತಿ ಅದೇ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಹಲವು ವರ್ಷ ಹಣ ಕೂಡಿಟ್ಟು ಈ ಸಲದ ರಜೆಯಲ್ಲಿ ಅವರು ಪರದೇಶ ನೋಡಲು ಹೊರಟಿದ್ದಾರೆ. ಒಬ್ಬರಿಗೆ ಕಬ್ಬಿಣದ ಗುಣ ಗೊತ್ತು, ಇನ್ನೊಬ್ಬರಿಗೆ ಲೆಕ್ಕ ಗೊತ್ತು. ನಮ್ಮ ಪ್ರವಾಸಕ್ಕೆ ಈ ಎರಡೂ ಬೇಕಾಗುತ್ತವೆ.

ಮೊದಲು ಈಜಿಪ್ಟ್. ಗೀಜಾದ ಮಹಾ ಪಿರಮಿಡ್ಡು ಖುಫು ಎಂಬ ದೊರೆಯ ಸಮಾಧಿ. ಸುಮಾರು 4,600 ವರ್ಷಗಳ ಹಿಂದೆ ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರ್ ಇತ್ತು. ಒಳಗೆ ದೊರೆಯ ಕಲ್ಲಿನ ಪೆಟ್ಟಿಗೆಯಿದೆ, ಆದರೆ ಅದು ಬರಿದು. ಕಳ್ಳರು ಎಂದೋ ಎಲ್ಲವನ್ನೂ ದೋಚಿದ್ದರು. ತುತಾಂಖಾಮೂನ್ ಎಂಬ ಇನ್ನೊಬ್ಬ ದೊರೆಯ ಸಮಾಧಿ ಬಹುಮಟ್ಟಿಗೆ ಕೈತಪ್ಪದೆ ಉಳಿದಿತ್ತು. ಅದನ್ನು 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದರು. ಒಳಗಿದ್ದ ಐದು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಒಂದೊಂದಾಗಿ ಗುರುತಿಸಿ, ಚಿತ್ರ ತೆಗೆದು, ಹೊರತರಲು ಸುಮಾರು ಹತ್ತು ವರ್ಷ ಬೇಕಾಯಿತು. ಅಷ್ಟು ತಾಳ್ಮೆ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದಕ್ಕೆ ಉತ್ತರ ಮುಂದೆ ಸಿಗುತ್ತದೆ.

ಎರಡನೆಯದು ಐರ್ಲೆಂಡ್. ಅಲ್ಲಿಯ ನ್ಯೂಗ್ರೇಂಜ್ ಎಂಬ ಸಮಾಧಿ ದಿಬ್ಬವು ಮಹಾ ಪಿರಮಿಡ್ಡಿಗಿಂತಲೂ ಹಳೆಯದು. ಅದನ್ನು ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದರು. ದಿಬ್ಬದೊಳಗೆ 19 ಮೀಟರ್ ಉದ್ದದ ಇಕ್ಕಟ್ಟಾದ ಕಲ್ಲಿನ ದಾರಿಯಿದೆ. ಬಾಗಿಲಿನ ಮೇಲೆ ಒಂದು ಕಿಂಡಿ. ವರ್ಷದಲ್ಲಿ ಹಗಲು ಅತಿ ಚಿಕ್ಕದಾಗಿರುವ ಡಿಸೆಂಬರ್ 21ರ ಹೊತ್ತಿಗೆ ಹುಟ್ಟುವ ಸೂರ್ಯನ ಕಿರಣ ಆ ಕಿಂಡಿಯಿಂದ ನುಗ್ಗಿ ಒಳಗಿನ ಕೋಣೆಯವರೆಗೆ ಹರಿಯುತ್ತದೆ. ಸುಮಾರು 17 ನಿಮಿಷ ಮಾತ್ರ ಆ ಬೆಳಕು ನಿಲ್ಲುತ್ತದೆ. ಉತ್ಖನನ ಮಾಡುತ್ತಿದ್ದ ಮೈಕೆಲ್ ಓ'ಕೆಲಿ ಎಂಬ ವಿದ್ವಾಂಸರು 1967ರ ಡಿಸೆಂಬರ್ 21ರಂದು ಒಳಗೆ ನಿಂತು ಇದನ್ನು ಕಣ್ಣಾರೆ ಕಂಡರು.

ಮೂರನೆಯದು ದಕ್ಷಿಣ ಕೊರಿಯಾ. ಗೋಚಾಂಗ್, ಹ್ವಾಸೂನ್, ಗಾಂಗ್ವಾ ಎಂಬ ಕಡೆಗಳಲ್ಲಿ ನೂರಾರು ಕಲ್ಲುಗೋರಿಗಳಿವೆ. ನಿಲ್ಲಿಸಿದ ಕಲ್ಲುಗಳ ಮೇಲೆ ಒಂದು ದೊಡ್ಡ ಬಂಡೆಯನ್ನು ಹೊದಿಸಿದ ರಚನೆಗಳು ಇವು. 2000ದಲ್ಲಿ ಯುನೆಸ್ಕೋ ಸಂಸ್ಥೆ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ದೂರ ಹೋಗಿ ಬಂದ ನಮ್ಮ ದಂಪತಿಗಳಿಗೆ ಈಗ ಒಂದು ವಿಷಯ ಹೇಳಬೇಕು. ಕೊರಿಯಾದಲ್ಲಿ ಕಂಡಂಥ ಕಲ್ಲುಗೋರಿಗಳು ನಮ್ಮ ನೆರೆಯಲ್ಲೇ ಇವೆ. ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳಲ್ಲಿ ಅಲ್ಲಿಯ ಜನ ಬಂಡೆ ಎತ್ತುತ್ತಿದ್ದಾಗ ಇಲ್ಲಿಯ ಜನರೂ ಎತ್ತುತ್ತಿದ್ದರು. ಇತಿಹಾಸಕಾರರು ಇದನ್ನು ಬೃಹತ್ ಶಿಲಾ ಸಂಸ್ಕೃತಿ ಎಂದು ಕರೆಯುತ್ತಾರೆ.

ನಮ್ಮ ಮಹಾರಾಷ್ಟ್ರದ ವಿದರ್ಭದಲ್ಲಿ ಇಂಥ ನೆಲೆಗಳು ಹಲವು. ನಾಗಪುರದ ಹತ್ತಿರದ ಜುನಾಪಾಣಿಯಲ್ಲಿ ಸುಮಾರು ಮುನ್ನೂರು ಶಿಲಾವೃತ್ತಗಳಿವೆ. ಶಿಲಾವೃತ್ತವೆಂದರೆ ಸಮಾಧಿಯ ಸುತ್ತ ಬಳೆಯಂತೆ ಜೋಡಿಸಿದ ದೊಡ್ಡ ಕಲ್ಲುಗಳು. ಅದೇ ಜಿಲ್ಲೆಯ ಮಾಹುರಝರಿಯಲ್ಲಿ ಕುದುರೆಯ ತಲೆಗೆ ತೊಡಿಸುವ ತಾಮ್ರದ ಅಲಂಕಾರಗಳು ಸಮಾಧಿಗಳಲ್ಲಿ ಸಿಕ್ಕಿವೆ. ಆ ಜನಕ್ಕೆ ಕುದುರೆ ಎಷ್ಟು ಪ್ರಿಯವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕರ್ನಾಟಕದ ಕಡೆಗೆ ತಿರುಗೋಣ. ಮಿರಜದಿಂದ ಬೆಳಗಾವಿಗೆ ಹೋಗುವ ರೈಲಿನಲ್ಲಿ ಘಟಪ್ರಭಾ ನಿಲ್ದಾಣಕ್ಕೆ ಇಳಿದರೆ ಗೋಕಾಕ ತಾಲೂಕಿನ ಕೊಣ್ಣೂರು ಹತ್ತಿರ. ಆ ಊರಿನ ಪರಿಸರದಲ್ಲಿ ಕಲ್ಲುಗೋರಿಗಳಿವೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ನೀವು ಕೇಳಿರಬಹುದು. ಅಲ್ಲಿಯ ಗುಡ್ಡದ ಮೇಲೆ ಕ್ರಿ.ಶ. 634ರ ಮೇಗುತಿ ಜಿನಾಲಯವಿದೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ ಶಾಸನ ಇರುವುದು ಇಲ್ಲಿಯೇ. ಶಾಸನ ನೋಡಿದವರು ಸಾಮಾನ್ಯವಾಗಿ ಅಲ್ಲಿಂದಲೇ ಇಳಿದುಬಿಡುತ್ತಾರೆ. ಗುಡಿಯ ಹಿಂದೆ ಅದಕ್ಕಿಂತ ಎಷ್ಟೋ ಶತಮಾನ ಹಿಂದಿನ ಕಲ್ಲುಗೋರಿಗಳಿವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ನೆಲೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್. ಇದು ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಬೇಕು. ಹತ್ತಿದ ಮೇಲೆ ಕಣ್ಣೆದುರು ಒಂದು ಊರೇ ತೆರೆದುಕೊಳ್ಳುತ್ತದೆ. ನಾನೂರರಷ್ಟು ಕಲ್ಲುಗೋರಿಗಳು! ಕೆಲವು ಆಳೆತ್ತರವನ್ನೂ ಮೀರಿವೆ. ಮೂರು ಇಲ್ಲವೆ ನಾಲ್ಕು ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿಯ ಮಾಡು. ಎಷ್ಟೋ ಗೋರಿಗಳ ಒಂದು ಗೋಡೆಯಲ್ಲಿ ದುಂಡಗಿನ ಕಿಂಡಿಯಿದೆ. ಪಕ್ಕದಲ್ಲಿ ನೀರಿನ ಹೊಂಡ, ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ದೊಡ್ಡ ಕಲ್ಲು. ಬಡಿದರೆ ಆ ಕಲ್ಲು ನಗಾರಿಯಂತೆಯೇ ದನಿ ಕೊಡುತ್ತದೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಸುತ್ತಲಿನ ಜನ ಈ ಜಾಗವನ್ನು ಮೋರ್ಯರ ಗುಡ್ಡವೆಂದೂ ಗೋರಿಗಳನ್ನು ಮೋರ್ಯರ ಮನೆಗಳೆಂದೂ ಕರೆಯುತ್ತಾರೆ. ಮೋರ್ಯರೆಂದರೆ ಹಿಂದೊಮ್ಮೆ ಬಾಳಿದ್ದ ಕುಳ್ಳ ಜನ, ಕಿಂಡಿಯಲ್ಲಿ ನುಸುಳಿ ಒಳಹೊರಗೆ ಓಡಾಡುತ್ತಿದ್ದರು ಎಂದು ಕತೆ. ಬೇರೆ ಕಡೆ ಇವೇ ಪಾಂಡವರ ಮನೆಗಳು. ಕಾರಣ ತಿಳಿಯದಾಗ ಜನ ಕತೆ ಕಟ್ಟುತ್ತಾರೆ. ಕತೆ ನಿಜವಲ್ಲದಿದ್ದರೂ ಅದರಿಂದ ಒಂದು ಉಪಕಾರವಾಗಿದೆ. ಮೋರ್ಯರ ಮನೆಯೆಂದು ಅಂಜಿ ಜನರು ಎಷ್ಟೋ ಕಲ್ಲುಗಳನ್ನು ಮುಟ್ಟದೆ ಬಿಟ್ಟಿದ್ದಾರೆ.

ಕತೆಯನ್ನು ದಾಟಿ ಕಲ್ಲುಗಳನ್ನೇ ಪರೀಕ್ಷಿಸಿದ ಮೊದಲಿಗರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಒಬ್ಬರು. ಅವರು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಈಗ ಯಾದಗಿರಿ ಜಿಲ್ಲೆಯಲ್ಲಿರುವ ರಾಜನಕೋಳೂರಿನ ಗೋರಿಗಳನ್ನು ಅಳೆದರು. ಬೇರೆ ಕೆಲವು ಸಮಾಧಿಗಳನ್ನು ಅಗೆಸಿ, ಯಾವ ಪದರದಲ್ಲಿ ಏನಿತ್ತು ಎಂಬುದನ್ನು ಚಿತ್ರ ಬರೆದು ತೋರಿಸಿದರು. ನಿವೃತ್ತರಾದ ಮೇಲೆ ಐರ್ಲೆಂಡಿನಲ್ಲಿ ನೆಲೆಸಿ 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಪತ್ರಿಕೆಯಲ್ಲಿ ಇವುಗಳ ಬಗ್ಗೆ ಬರೆದರು. ಐರೋಪ್ಯ ಗೋರಿಗಳಿಗೂ ಇವಕ್ಕೂ ಹೋಲಿಕೆ ಕಂಡು, ಎರಡೂ ಕಡೆ ಒಂದೇ ಮೂಲದ ಜನರಿದ್ದಿರಬಹುದೆಂದು ಅವರು ಊಹಿಸಿದ್ದರು. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಎರಡಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಚಪ್ಪಡಿ ಸಿಗುವ ಕಡೆ ಚಪ್ಪಡಿಯ ಮನೆ ಕಟ್ಟಲು ಯಾರೂ ಯಾರಿಂದಲೂ ಕಲಿಯಬೇಕಿಲ್ಲ. ಆದರೆ ಟೇಲರರ ಊಹೆ ತಪ್ಪಾದರೂ ಅವರ ಚಿತ್ರಗಳು ಇಂದಿಗೂ ಉಪಯುಕ್ತವಾಗಿವೆ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರು ಉತ್ತರ ಕರ್ನಾಟಕದ ಇಂಥ ಗೋರಿಗಳನ್ನು ಊರೂರು ಸುತ್ತಿ ಅಭ್ಯಾಸ ಮಾಡಿ 1975ರಲ್ಲಿ ಗ್ರಂಥ ಪ್ರಕಟಿಸಿದರು.

ಈಗ ಲೆಕ್ಕ ಬಲ್ಲವರ ಸರದಿ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಒಂದು ಚಪ್ಪಡಿಯನ್ನು ತೆಗೆದುಕೊಳ್ಳಿ. ಅದರ ಘನಗಾತ್ರ 0.8 ಘನ ಮೀಟರ್. ಒಂದು ಘನ ಮೀಟರ್ ಗ್ರಾನೈಟ್ ಕಲ್ಲಿನ ತೂಕ ಸುಮಾರು 2.7 ಟನ್. ಅಂದರೆ ಈ ಒಂದೇ ಚಪ್ಪಡಿಯ ತೂಕ ಎರಡು ಟನ್ನಿಗೂ ಹೆಚ್ಚು. ಕ್ರೇನು ಇಲ್ಲದ ಕಾಲದಲ್ಲಿ ಅದನ್ನು ಎಬ್ಬಿಸಿ, ಸಾಗಿಸಿ, ಗೋಡೆಯ ಮೇಲೆ ಏರಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಊರೇ ಕೈಹಚ್ಚಬೇಕು. ಎಲ್ಲರನ್ನೂ ಕರೆಯುವವರು, ಕೆಲಸ ಹಂಚುವವರು, ದುಡಿದವರಿಗೆ ಊಟ ಹಾಕುವವರು ಇರಬೇಕು. ಬರಿಯ ಕಲ್ಲಿನ ತೂಕದಿಂದಲೇ ಆ ಸಮಾಜದಲ್ಲಿ ಒಗ್ಗಟ್ಟೂ ಮುಂದಾಳುಗಳೂ ಇದ್ದರೆಂದು ನಾವು ಊಹಿಸಬಹುದು.

ಗೋರಿಗಳ ಒಳಗೆ ಏನಿತ್ತು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ಹೆಸರಾದುದು. ಅಲ್ಲಿ ನೆಲದೊಳಗೆ ಚಪ್ಪಡಿಗಳ ಪೆಟ್ಟಿಗೆ ಕಟ್ಟಿದ್ದರು. ನಾಲ್ಕು ಚಪ್ಪಡಿಗಳನ್ನು ಒಂದು ಇನ್ನೊಂದನ್ನು ತಡೆಹಿಡಿಯುವಂತೆ ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಿದ್ದರಿಂದ ಅವು ಒಳಕ್ಕೆ ಬೀಳುತ್ತಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಹಲವರ ಎಲುಬುಗಳು ಸಿಕ್ಕವು. ದೇಹ ಕರಗಿದ ಮೇಲೆ ಎಲುಬುಗಳನ್ನು ಆರಿಸಿ ತಂದು ಇಡುತ್ತಿದ್ದರು. ಜೊತೆಗೆ ಮಡಕೆಗಳು, ಮಣಿಗಳು, ಕಬ್ಬಿಣದ ಆಯುಧಗಳು ಇದ್ದವು.

ಆ ಮಡಕೆಗಳನ್ನು ಗಮನಿಸಿ. ಹೊರಗೆ ಕೆಂಪು, ಒಳಗೂ ಬಾಯಿಯ ಸುತ್ತಲೂ ಕಪ್ಪು. ಇದು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಹೊರಮೈಗೆ ಗಾಳಿ ತಗಲಿ ಮಣ್ಣಿನಲ್ಲಿಯ ಕಬ್ಬಿಣಾಂಶ ಕೆಂಪಾಗುತ್ತದೆ. ಒಳಗೆ ಗಾಳಿಯಾಡದೆ ಹೊಗೆ ತುಂಬಿ ಕಪ್ಪಾಗುತ್ತದೆ.

ಇನ್ನು ಎರಕದ ಕೆಲಸಗಾರರು ಮಾತಾಡಬೇಕು. ಕುಪವಾಡದ ಎರಕದ ಕಾರ್ಖಾನೆಯಲ್ಲಿ ಕಬ್ಬಿಣ ನೀರಿನಂತೆ ಹರಿಯುತ್ತದೆ. ಬೆರಕೆಯಿಲ್ಲದ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಇಂಗಾಲ ಬೆರೆತ ಎರಕದ ಕಬ್ಬಿಣ ಅದಕ್ಕಿಂತ ಕಡಿಮೆ ಕಾವಿಗೆ ಕರಗುತ್ತದೆ. ಅಂದಿನವರ ಮಣ್ಣಿನ ಕುಲುಮೆಯಲ್ಲಿ ಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ. ಅದಿರು ಮತ್ತು ಇದ್ದಿಲನ್ನು ತುಂಬಿ ತಿದಿಯಿಂದ ಗಾಳಿ ಊದಿದರೆ, ಕಿಟ್ಟ ಬೆರೆತ ತೂತುತೂತಾದ ಕಬ್ಬಿಣದ ಮುದ್ದೆ ಸಿಗುತ್ತಿತ್ತು. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರಹಾಕಿ, ಕತ್ತಿ, ಭರ್ಜಿ, ಕುಡುಗೋಲು, ಕೊಡಲಿ ಮಾಡುತ್ತಿದ್ದರು. ನಾಗಪುರ ಜಿಲ್ಲೆಯ ನಾಯಕುಂಡದಲ್ಲಿ ಇಂಥ ಒಂದು ಕುಲುಮೆಯೇ ಸಿಕ್ಕಿದೆ. ಅದು ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನದು. ಕುಡುಗೋಲು ಬೇಸಾಯದ ಗುರುತು, ಭರ್ಜಿ ಕಾಳಗ ಬೇಟೆಗಳ ಗುರುತು. ಕುಡುಗೋಲನ್ನು ಸತ್ತವರ ಪಕ್ಕದಲ್ಲಿ ಇಟ್ಟವರು, ಮುಂದೆಯೂ ಒಂದು ಬಾಳಿದೆ, ಅಲ್ಲಿಯೂ ದುಡಿಮೆಯಿದೆ ಎಂದು ನಂಬಿರಬೇಕು.

ಇಷ್ಟೆಲ್ಲ ಎಷ್ಟು ಹಳೆಯದು ಎಂದು ಹೇಗೆ ತಿಳಿಯುತ್ತದೆ? ಇದ್ದಿಲಿನ ಚೂರಿನಿಂದ. ಬದುಕಿರುವ ಗಿಡಮರಗಳಲ್ಲಿ ಕಾರ್ಬನ್-14 ಎಂಬ ಬಗೆಯ ಇಂಗಾಲ ಸ್ವಲ್ಪ ಇರುತ್ತದೆ. ಮರ ಸತ್ತ ಮೇಲೆ ಅದು 5,730 ವರ್ಷಗಳಿಗೆ ಅರ್ಧದಷ್ಟು ಕಡಿಮೆಯಾಗುತ್ತದೆ. ಉಳಿದುದನ್ನು ಅಳೆದರೆ ಕಾಲ ತಿಳಿಯುತ್ತದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರ ಉತ್ಖನನದಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕವು. ಜೊತೆಗಿದ್ದ ಇದ್ದಿಲನ್ನು ಪರೀಕ್ಷಿಸಿದಾಗ ಅವು ಕ್ರಿ.ಪೂ. 1000ದ ಸುಮಾರಿನವು ಎಂದು ಗೊತ್ತಾಯಿತು. ದಕ್ಷಿಣದಲ್ಲಿ ಕಬ್ಬಿಣ ಎಷ್ಟು ಹಿಂದೆಯೇ ಬಳಕೆಗೆ ಬಂದಿತ್ತು ಎಂಬುದು ಆಗ ಸ್ಪಷ್ಟವಾಯಿತು.

ಇಲ್ಲಿ ನಿಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಉತ್ತರವಿದೆ. ಆ ಇದ್ದಿಲಿನ ಚೂರಿಗೆ ಬೆಲೆ ಬಂದದ್ದು ಅದು ಕಬ್ಬಿಣದ ಪಕ್ಕದಲ್ಲಿ, ಅದೇ ಪದರದಲ್ಲಿ ಇದ್ದುದರಿಂದ. ಯಾರಾದರೂ ಮೊದಲೇ ಅಗೆದು ಮಣ್ಣು ಮಗುಚಿದ್ದರೆ ಅದು ಬರಿಯ ಮಸಿ. ಕಾರ್ಟರ್ ಹತ್ತು ವರ್ಷ ತೆಗೆದುಕೊಂಡದ್ದೂ ಇದಕ್ಕಾಗಿಯೇ. ವಸ್ತುವಿನಷ್ಟೇ ಅದು ಇದ್ದ ಜಾಗವೂ ಮುಖ್ಯ.

ಆದರೆ ನಡೆಯುತ್ತಿರುವುದೇನು? ಒಳಗೆ ಬಂಗಾರ ಇದೆಯೆಂಬ ಆಸೆಯಿಂದ ನಿಧಿಗಳ್ಳರು ಗೋರಿಗಳನ್ನು ಕೆಡವುತ್ತಾರೆ. ಹಿರೇಬೆಣಕಲ್ಲಿನಲ್ಲಿಯೂ ಹೀಗೆ ಉರುಳಿಸಿದ ಚಪ್ಪಡಿಗಳನ್ನು ನೋಡಬಹುದು. ಅವರಿಗೆ ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ, ಎಲುಬಿನ ಚೂರು. ಸಂತೆಯಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಚೆಲ್ಲಿ ಹೋಗುತ್ತಾರೆ. ಇನ್ನು ಕೆಲವು ಕಡೆ ಚಪ್ಪಡಿಗಳು ಹೊಲದ ಬದುವಿಗೆ ಹೋಗಿವೆ, ಕಲ್ಲಿನ ಗಣಿಗೆ ಬಲಿಯಾಗಿವೆ. ಮೂರು ಸಾವಿರ ವರ್ಷ ಗಾಳಿ ಮಳೆಗಳು ಮಾಡದ ಕೆಲಸವನ್ನು ಒಂದು ಹಾರೆ ಒಂದು ರಾತ್ರಿಯಲ್ಲಿ ಮಾಡಿ ಮುಗಿಸುತ್ತದೆ.

ಕಾನೂನು ಇದನ್ನು ತಡೆಯುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನಮ್ಮ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಮೂಲ ಕರ್ತವ್ಯವೆಂದು ಸಂವಿಧಾನವೂ ಹೇಳಿದೆ. ಆದರೆ ಗುಡ್ಡಗುಡ್ಡಕ್ಕೂ ಕಾವಲುಗಾರರನ್ನು ಇಡುವುದು ಸಾಧ್ಯವಿಲ್ಲ. ಸುತ್ತಲಿನ ಊರವರ ಕಣ್ಣೇ ಅವಕ್ಕೆ ಕಾವಲು.

ನಿಮ್ಮ ಊರಿನ ಮಾಳದಲ್ಲಿ ವಿಚಿತ್ರವಾಗಿ ನಿಲ್ಲಿಸಿದ ಕಲ್ಲುಗಳು ಕಂಡರೆ ಏನು ಮಾಡುವಿರಿ? ಅಗೆಯಬೇಡಿ, ಅಲುಗಿಸಬೇಡಿ, ಹೆಸರು ಕೊರೆಯಬೇಡಿ. ಎಷ್ಟು ಕಲ್ಲು, ಎಷ್ಟು ಎತ್ತರ, ಕಿಂಡಿ ಯಾವ ದಿಕ್ಕಿಗೆ ಎಂದು ಬರೆದುಕೊಳ್ಳಿ, ಚಿತ್ರ ತೆಗೆಯಿರಿ. ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ. ನಿಮ್ಮ ಗುರುಗಳಿಗೆ ತೋರಿಸಿ. ಅವರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಿ. ಅದು ಯಾರೋ ಒಬ್ಬರ ತಾಯಿಗೆ, ಯಾರೋ ಒಬ್ಬರ ಮಗುವಿಗೆ ಊರೆಲ್ಲ ಸೇರಿ ಕಟ್ಟಿದ ಮನೆ. ಅವರ ಹೆಸರು ನಮಗೆ ಸಿಗಲಾರದು. ಆದರೆ ಅವರನ್ನು ಪ್ರೀತಿಸಿದವರು ಇದ್ದರು ಎಂಬುದಕ್ಕೆ ಆ ಕಲ್ಲುಗಳು ಸಾಕ್ಷಿ.