ಅಡಗಿ ಕೂತ ವಂಶವಾಹಿಯ ಲೆಕ್ಕ

ಹುಟ್ಟಿನಿಂದಲೇ ಬೆರಳುಗಳು ಮೋಟಾಗಿರುವ ಮನೆತನಗಳಿವೆ. ಈ ಗುಣ ಪ್ರಬಲವಾದದ್ದು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿನ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ. 1908ರಲ್ಲಿ ಕೇಂಬ್ರಿಜ್‌ನ ತಳಿವಿಜ್ಞಾನಿ ರೆಜಿನಾಲ್ಡ್ ಪನೆಟ್ ಲಂಡನ್ನಿನ ವೈದ್ಯರ ಸಭೆಯಲ್ಲಿ ಇಂಥ ಆನುವಂಶಿಕ ಗುಣಗಳ ಬಗ್ಗೆ ಉಪನ್ಯಾಸ ಕೊಟ್ಟಾಗ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ ತಕರಾರು ತೆಗೆದರು: ಹಾಗಿದ್ದರೆ ಕಾಲ ಕಳೆದಂತೆ ನಾಲ್ವರಲ್ಲಿ ಮೂವರ ಬೆರಳು ಮೋಟಾಗಬೇಕಲ್ಲ?

ಪನೆಟ್ ಈ ಪ್ರಶ್ನೆಯನ್ನು ತಮ್ಮ ಕ್ರಿಕೆಟ್ ಗೆಳೆಯ, ಗಣಿತಜ್ಞ ಜಿ. ಎಚ್. ಹಾರ್ಡಿ ಮುಂದಿಟ್ಟರು. ಐದು ವರ್ಷಗಳ ನಂತರ ಮದರಾಸಿನಿಂದ ರಾಮಾನುಜನ್ ಪತ್ರ ಬರೆದದ್ದು ಇದೇ ಹಾರ್ಡಿಗೆ. ಮಗ್ಗಿ ಬಲ್ಲವರು ಬಿಡಿಸಬಹುದಾದ ಈ ಲೆಕ್ಕ ಜೀವವಿಜ್ಞಾನಿಗಳಿಗೆ ಹೊಳೆಯದೆ ಹೋದದ್ದು ಹಾರ್ಡಿಗೆ ಅಚ್ಚರಿ. ಅವರ ಪುಟ್ಟ ಉತ್ತರ ಅದೇ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು.

ನಾವೂ ಬಿಡಿಸಿ ನೋಡೋಣ. ಒಂದು ವಂಶವಾಹಿಗೆ ಎರಡು ರೂಪಗಳಿವೆ; ಅದರಲ್ಲಿ ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಕಾಣಿಸಿಕೊಳ್ಳುವ ದುರ್ಬಲ ರೂಪ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಮಗುವಿಗೆ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು. ಎರಡೂ ದುರ್ಬಲವಾಗಿರುವವರು 10,000ಕ್ಕೆ ಒಬ್ಬರು. ಒಂದೇ ಪ್ರತಿ ದುರ್ಬಲವಾಗಿರುವವರು 198 ಮಂದಿ. ಉಳಿದ 9,801 ಜನರಲ್ಲಿ ಎರಡೂ ಪ್ರಬಲ. ಈಗ ಎಲ್ಲರ ಪ್ರತಿಗಳನ್ನೂ ಮತ್ತೆ ಎಣಿಸಿ: ಒಟ್ಟು 20,000, ಅದರಲ್ಲಿ ದುರ್ಬಲ 200. ಮತ್ತೆ ನೂರಕ್ಕೆ ಒಂದೇ! ಪ್ರಬಲವಾದದ್ದು ಹಬ್ಬಲಿಲ್ಲ, ದುರ್ಬಲವಾದದ್ದು ಅಳಿಯಲಿಲ್ಲ. ವಿದ್ಯಾರ್ಥಿಗಳು ಈ ಲೆಕ್ಕದ ಸೂತ್ರವನ್ನು ಉರುಹೊಡೆಯುವ ಮೊದಲು ಆ 198 ಜನರನ್ನು ಗಮನಿಸಬೇಕು. ದುರ್ಬಲ ರೂಪ ರೋಗ ತರುವಂಥದ್ದಾದರೆ, ರೋಗ ಕಾಣುವುದು ಒಬ್ಬರಲ್ಲಿ, ವಂಶವಾಹಿ ಸದ್ದಿಲ್ಲದೆ ಸಾಗುವುದು 198 ಮಂದಿಯಲ್ಲಿ.

ಸ್ಟುಟ್‌ಗಾರ್ಟ್‌ನ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ ಇದೇ ಮಾತನ್ನು ಆ ವರ್ಷದ ಜನವರಿಯಲ್ಲೇ ಹೇಳಿದ್ದರು. ಹೇಳಿದ್ದು ಜರ್ಮನ್ ಭಾಷೆಯಲ್ಲಿ, ಹಾಗಾಗಿ ಇಂಗ್ಲಿಷ್ ಜಗತ್ತು ಕಿವಿಗೊಡಲಿಲ್ಲ. 1943ರಲ್ಲಿ ತಳಿವಿಜ್ಞಾನಿ ಕರ್ಟ್ ಸ್ಟರ್ನ್ ನೆನಪಿಸಿದ ಮೇಲೆ ಹಾರ್ಡಿ ಹೆಸರಿನ ಈ ನಿಯಮಕ್ಕೆ ವೈನ್‌ಬರ್ಗ್ ಹೆಸರೂ ಸೇರಿತು. ಆಗ ಅವರು ತೀರಿಕೊಂಡು ಐದು ವರ್ಷ ದಾಟಿತ್ತು. ಇದು ನನಗೆ ಇಂದಿಗೂ ಅನ್ಯಾಯವೆಂದೇ ಅನಿಸುತ್ತದೆ.

ಜನಸಂಖ್ಯೆ ದೊಡ್ಡದಿರಬೇಕು, ಸಂಬಂಧಗಳು ಯಾದೃಚ್ಛಿಕವಾಗಿ ಕೂಡಬೇಕು, ವಲಸೆ, ಉತ್ಪರಿವರ್ತನೆ, ನಿಸರ್ಗದ ಆಯ್ಕೆ ಇರಬಾರದು: ಲೆಕ್ಕ ನಿಲ್ಲುವುದು ಈ ಷರತ್ತುಗಳ ಮೇಲೆ. ಷರತ್ತು ಮುರಿದ ಕಡೆಯೇ ಇದರ ನಿಜವಾದ ಉಪಯೋಗ. ಉದಾಹರಣೆಗೆ, ಸಿಕಲ್ ಸೆಲ್ ಎಂಬ ರಕ್ತದ ರೋಗಕ್ಕೆ ಕಾರಣ ಹಿಮೋಗ್ಲೋಬಿನ್ ವಂಶವಾಹಿಯ ಡಿಎನ್‌ಎಯಲ್ಲಿ ಒಂದೇ ಅಕ್ಷರದ ಪಲ್ಲಟ; ‘ಎ’ ಇರಬೇಕಾದಲ್ಲಿ ‘ಟಿ’. ಡಿಎನ್‌ಎಯ ಎರಡೆಳೆಯ ಏಣಿಯಲ್ಲಿ ‘ಎ’ಗೆ ‘ಟಿ’ಯೇ ಜೋಡಿ, ಹಾಗಾಗಿ ಎದುರಿನ ಎಳೆಯಲ್ಲೂ ಅಕ್ಷರ ಬದಲಾಗಿ, ಆ ತಪ್ಪು ಪ್ರತಿ ಸಲವೂ ನಕಲಾಗುತ್ತದೆ. ರೋಗಿಗಳು ಚಿಕ್ಕಂದಿನಲ್ಲೇ ಸಾಯುತ್ತಿದ್ದರೂ ಈ ವಂಶವಾಹಿ ಅಳಿಯಲಿಲ್ಲವೇಕೆ? ಒಂದು ಪ್ರತಿ ಹೊತ್ತವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಭಾರತದಲ್ಲಿ ಈ ವಂಶವಾಹಿ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಚಾಮರಾಜನಗರದ ಸೋಲಿಗರಲ್ಲೂ ಇದೆ. ಹಾಡಿಗಳಲ್ಲಿ ರಕ್ತ ಪರೀಕ್ಷೆ ನಡೆಸುವವರು ರೋಗಿಗಳ ಜೊತೆಗೆ ಆರೋಗ್ಯವಾಗಿಯೇ ಓಡಾಡುವ ವಾಹಕರನ್ನೂ ಹುಡುಕುವುದು ಈ ಲೆಕ್ಕದಿಂದಲೇ.