ಎರಡಿಂಚಿನ ರಟ್ಟಿನಲ್ಲಿ ರೈಲಿನ ಲೆಕ್ಕ

ಕಂಪ್ಯೂಟರ್ ಬರುವ ಮುಂಚೆ ನಮ್ಮ ಸ್ಟೇಷನ್ನುಗಳ ಕಿಂಡಿಯಿಂದ ಕೈಗೆ ಬರುತ್ತಿದ್ದ ರಟ್ಟಿನ ಟಿಕೆಟ್ಟು ಹಲವರಿಗೆ ನೆನಪಿರಬಹುದು. ಯಂತ್ರಕ್ಕೆ ತೂರಿಸಿದರೆ ‘ಖಟ್’ ಎಂದು ತಾರೀಖು ಬೀಳುತ್ತಿತ್ತು. ಈ ಟಿಕೆಟ್ಟಿನ ತವರು ಇಂಗ್ಲೆಂಡ್.

ಥಾಮಸ್ ಎಡ್ಮಂಡ್‌ಸನ್ ಕುರ್ಚಿ-ಮೇಜು ಮಾಡುತ್ತಿದ್ದ ಬಡಗಿ. ವ್ಯಾಪಾರದಲ್ಲಿ ದಿವಾಳಿಯೆದ್ದು, 1830ರ ದಶಕದಲ್ಲಿ ನ್ಯೂಕ್ಯಾಸಲ್-ಕಾರ್ಲೈಲ್ ರೈಲ್ವೆಯ ಮಿಲ್ಟನ್ ಎಂಬ ಸಣ್ಣ ಸ್ಟೇಷನ್ನಿಗೆ ಮಾಸ್ತರನಾದ. ಆಗಿನ್ನೂ ಕುದುರೆಗಾಡಿ ಕಾಲದ ರೂಢಿಯೇ ನಡೆದಿತ್ತು: ಪ್ರತಿಯೊಬ್ಬರಿಗೂ ಚೀಟಿಯನ್ನು ಕೈಯಲ್ಲೇ ಬರೆದುಕೊಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತಿದ್ದುದು ಒಂದು ತಾಪತ್ರಯವಾದರೆ, ಗುಮಾಸ್ತ ಎಷ್ಟು ಚೀಟಿ ಬರೆದ, ಎಷ್ಟು ದುಡ್ಡು ಜೇಬಿಗಿಳಿಸಿದ ಎಂದು ಹಿಡಿಯಲಾಗದ್ದು ಇನ್ನೊಂದು. ಎಡ್ಮಂಡ್‌ಸನ್ ರಟ್ಟಿನ ತುಂಡುಗಳ ಮೇಲೆ ಊರಿನ ಹೆಸರಿನ ಜೊತೆ ಕ್ರಮಸಂಖ್ಯೆಯನ್ನೂ ಅಚ್ಚು ಹಾಕಿದ. ಸಂಜೆ ಉಳಿದ ಮೊದಲ ಟಿಕೆಟ್ಟಿನ ಸಂಖ್ಯೆಯಿಂದ ಬೆಳಗಿನದನ್ನು ಕಳೆದರೆ ಮುಗಿಯಿತು, ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿರಬೇಕೆಂದು ಗೊತ್ತಾಗುತ್ತಿತ್ತು. ಪ್ರಯಾಣಿಕನ ಅನುಕೂಲಕ್ಕಿಂತ ಗುಮಾಸ್ತನ ಮೇಲಿನ ಕಣ್ಗಾವಲೇ ಇದರ ಜೀವಾಳ ಎಂದು ನನಗನ್ನಿಸುತ್ತದೆ. ಅವನ ಸ್ವಂತ ಕಂಪನಿ ಮೂಸಿಯೂ ನೋಡಲಿಲ್ಲ. 1839ರಲ್ಲಿ ಮ್ಯಾಂಚೆಸ್ಟರ್-ಲೀಡ್ಸ್ ರೈಲ್ವೆ ಅವನನ್ನು ಕರೆಸಿಕೊಂಡಿತು. ಆಮೇಲೆ ಈ ಪದ್ಧತಿ ಬೇಕೆಂದ ಕಂಪನಿಗಳಿಂದ ಮೈಲಿಗೆ ವರ್ಷಕ್ಕೆ 10 ಷಿಲಿಂಗ್ ವಸೂಲು ಮಾಡಿ ಅವನು ದುಡ್ಡನ್ನೂ ಕಂಡ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಒಂದೊಂದು ಹಳಿಗೆ ಒಬ್ಬೊಬ್ಬ ಒಡೆಯ. ದೂರದೂರಿಗೆ ಹೋಗುವವನು ಒಂದೇ ಟಿಕೆಟ್ಟು ಕೊಂಡರೆ ಆ ಹಣ ಯಾರಿಗೆ ಸೇರಬೇಕು? ಇದನ್ನು ಬಿಡಿಸಲೆಂದೇ 1842ರ ಜನವರಿ 2ರಂದು ಲಂಡನ್ನಿನಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಶುರುವಾಯಿತು. ಪ್ರಯಾಣ ಮುಗಿದ ಕಡೆ ವಾಪಸು ಪಡೆದ ಟಿಕೆಟ್ಟುಗಳು ಅಲ್ಲಿಗೆ ಹೋಗುತ್ತಿದ್ದವು. ಗುಮಾಸ್ತರು ಯಾರ ಹಳಿಯ ಮೇಲೆ ಎಷ್ಟು ಮೈಲಿ ಎಂದು ನೋಡಿ ಹಣ ಹಂಚುತ್ತಿದ್ದರು. ಊರಿಗೊಂದು ಗಡಿಯಾರವಿದ್ದ ಆ ಕಾಲದಲ್ಲಿ, ಎಲ್ಲ ಸ್ಟೇಷನ್ನುಗಳೂ ಗ್ರೀನಿಚ್ ಸಮಯವನ್ನೇ ಪಾಲಿಸಲಿ ಎಂದು 1847ರಲ್ಲಿ ಶಿಫಾರಸು ಮಾಡಿದ್ದೂ ಈ ಲೆಕ್ಕದ ಮನೆಯೇ.

ಅಮೆರಿಕದವರ ದಾರಿ ಬೇರೆ. ಅಲ್ಲಿ ಟಿಕೆಟ್ಟೆಂದರೆ ಉದ್ದನೆಯ ಪಟ್ಟಿ, ಕಂಪನಿಗೊಂದು ಕೂಪನ್. ಪ್ರತಿ ರೈಲಿನ ಕಂಡಕ್ಟರ್ ತನ್ನ ಪಾಲಿನದನ್ನು ಹರಿದುಕೊಳ್ಳುತ್ತಿದ್ದ; ಆ ತುಂಡೇ ಅವನ ಕಂಪನಿಯ ಹಣದ ಹಕ್ಕು.

ಬ್ರಿಟನ್ನಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ಟು ಕೊಡುವಾಗಲೂ ಎಷ್ಟೋ ಕಡೆ ದೊಡ್ಡವರ ಟಿಕೆಟ್ಟಿನ ಮೂಲೆ ಕತ್ತರಿಸಿ, ಆ ಚೂರನ್ನು ಲೆಕ್ಕ ಒಪ್ಪಿಸಲು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಬ್ರಿಟಿಷ್ ರೈಲ್ ಈ ರಟ್ಟನ್ನು 1990ರಲ್ಲಿ ಕೈಬಿಟ್ಟಿತು. ಉಗಿಬಂಡಿ ಓಡಿಸುವ ಅಲ್ಲಿನ ಪಾರಂಪರಿಕ ರೈಲುಗಳಲ್ಲಿ ಕೆಲವು ಇಂದಿಗೂ ಇದನ್ನೇ ಕೊಡುತ್ತವೆ.