ಮನಃಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ: ಆಯ್ಕೆಗೆ ಮುನ್ನ ತಿಳಿಯಬೇಕಾದುದು

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮಕ್ಕಳ ಮುಂದಿನ ವ್ಯಾಸಂಗದ ಮಾತು ನಮ್ಮ ಮನೆಮನೆಗಳಲ್ಲಿಯೂ ಆರಂಭವಾಗುತ್ತದೆ. ವೈದ್ಯಕೀಯ, ಎಂಜಿನಿಯರಿಂಗ್, ವಾಣಿಜ್ಯ ಇವುಗಳ ಸುತ್ತಲೇ ತಿರುಗುತ್ತಿದ್ದ ಆ ಮಾತಿನಲ್ಲಿ ಈಗ ಮನಃಶಾಸ್ತ್ರವೂ ಸ್ಥಾನ ಪಡೆದಿರುವುದು ಸಂತೋಷದ ಸಂಗತಿ. ಆದರೆ ಎಂಜಿನಿಯರಿಂಗ್ ಓದುವವರಿಗೆ ದಾರಿ ಹೇಳಲು ಬಂಧುವರ್ಗದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಮನಃಶಾಸ್ತ್ರ ಓದುವವರಿಗೆ ಅಂತಹ ಆಸರೆ ವಿರಳ. ಹೀಗಾಗಿ ಕಾಲೇಜಿನ ಹೆಸರು, ಶುಲ್ಕ, ಊರಿನ ದೂರ ಇಷ್ಟನ್ನೇ ನೋಡಿ ಪ್ರವೇಶ ಪಡೆದು, ಎರಡು ವರ್ಷ ಕಳೆದ ಮೇಲೆ "ಈ ಪದವಿಯಿಂದ ರೋಗಿಗಳಿಗೆ ಚಿಕಿತ್ಸೆ ನೀಡುವ ಅಧಿಕಾರ ದೊರೆಯುವುದಿಲ್ಲ" ಎಂದು ತಿಳಿದು ಮರುಗುವ ಪ್ರಸಂಗ ಬಂದೊದಗಬಹುದು. ಮೊದಲೇ ಅರಿತು ನಡೆದರೆ ಮಕ್ಕಳ ವರ್ಷಗಳೂ ತಂದೆತಾಯಿಗಳ ದುಡಿಮೆಯೂ ವ್ಯರ್ಥವಾಗುವುದಿಲ್ಲ.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನಃಶಾಸ್ತ್ರ ವಿಭಾಗ ಪ್ರಾರಂಭವಾದ ಕೆಲವೇ ವರ್ಷಗಳಲ್ಲಿ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯವೂ ಅಂತಹ ವಿಭಾಗವನ್ನು ತೆರೆಯಿತು. ಅದನ್ನು ಕಟ್ಟಿ ಬೆಳೆಸಿದವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಅವರೇ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಈ ಕ್ಷೇತ್ರದಲ್ಲಿ ಮಾಡುವ ಕೆಲಸಕ್ಕೆ ಕೊರತೆಯಿಲ್ಲ. ಸರಿಯಾಗಿ ಕಲಿತವರಿಗೆ ಕೊರತೆಯಿದೆ.

ಮೂವರು ಬೇರೆ ಬೇರೆ

ಮನೋವೈದ್ಯ, ಚಿಕಿತ್ಸಾ ಮನಃಶಾಸ್ತ್ರಜ್ಞ, ಆಪ್ತಸಲಹೆಗಾರ ಈ ಮೂವರೂ ಒಂದೇ ಎಂಬ ಭಾವನೆ ಅನೇಕರಲ್ಲಿದೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದ ವೈದ್ಯರು. ಔಷಧ ಬರೆದುಕೊಡುವವರು ಅವರು. ಚಿಕಿತ್ಸಾ ಮನಃಶಾಸ್ತ್ರಜ್ಞರು, ಎಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಪರೀಕ್ಷೆಗಳಿಂದ ತೊಂದರೆಯನ್ನು ಅಳೆದು, ಔಷಧವಿಲ್ಲದ ಮನೋಚಿಕಿತ್ಸೆಯನ್ನು ನೀಡುವವರು. ಆಪ್ತಸಲಹೆಗಾರರು ಶಾಲೆ, ಕಾಲೇಜು, ಕುಟುಂಬ, ಉದ್ಯೋಗ ಇವುಗಳ ನಿತ್ಯದ ಕಷ್ಟಗಳಲ್ಲಿ ಕಿವಿಗೊಟ್ಟು ನೆರವಾಗುವವರು. ಮಗ ಅಥವಾ ಮಗಳು ಈ ಮೂರರಲ್ಲಿ ಯಾವುದನ್ನು ಬಯಸುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಮನೋವೈದ್ಯರಾಗುವ ಆಸೆಯಿದ್ದವರಿಗೆ ಮನಃಶಾಸ್ತ್ರದ ಎಂ.ಎ. ದಾರಿಯೇ ಅಲ್ಲ.

ಕಾನೂನು ಹೇಳುವುದೇನು?

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಚಿಕಿತ್ಸಾ ಮನಃಶಾಸ್ತ್ರಜ್ಞರು ಆ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಆ ಕಾಯಿದೆಯಲ್ಲಿ ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಪರಿಷತ್ತಿನ ಮಾನ್ಯತೆ ಪಡೆದ ಶಿಕ್ಷಣವನ್ನೇ ಅರ್ಹತೆಯೆಂದು ಹೇಳುತ್ತದೆ.

ಇದರ ತಾತ್ಪರ್ಯ ಸರಳ. ಅಂಕಪಟ್ಟಿಯ ಮೇಲೆ 'ಚಿಕಿತ್ಸಾ ಮನಃಶಾಸ್ತ್ರ' ಎಂದು ಅಚ್ಚಾದ ಮಾತ್ರಕ್ಕೆ ಚಿಕಿತ್ಸೆಯ ಅಧಿಕಾರ ಬರುವುದಿಲ್ಲ. ಆ ವ್ಯಾಸಂಗಕ್ಕೆ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರಬೇಕು. ವಿಶ್ವವಿದ್ಯಾಲಯಕ್ಕೆ ಅನುದಾನ ಆಯೋಗದ ಮನ್ನಣೆ ಇರುವುದು ಬೇರೆ, ವ್ಯಾಸಂಗಕ್ಕೆ ಪರಿಷತ್ತಿನ ಮಾನ್ಯತೆ ಇರುವುದು ಬೇರೆ. ಪ್ರವೇಶಶುಲ್ಕ ಕಟ್ಟುವ ಮೊದಲು ಈ ಎರಡನ್ನೂ ವಿಚಾರಿಸಬೇಕು.

ಬಹುಕಾಲ ಈ ವೃತ್ತಿಯ ಹೆಬ್ಬಾಗಿಲಾಗಿದ್ದುದು ಎಂ.ಎ. ಅಥವಾ ಎಂ.ಎಸ್‌ಸಿ. ನಂತರದ ಎರಡು ವರ್ಷಗಳ ಎಂ.ಫಿಲ್. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮೊದಲಾದೆಡೆ ಆಸ್ಪತ್ರೆಯಲ್ಲಿಯೇ ರೋಗಿಗಳ ನಡುವೆ ಇದನ್ನು ಕಲಿಸುತ್ತಾ ಬಂದರು. ಪದವಿಯ ಮೂರು ವರ್ಷ, ಸ್ನಾತಕೋತ್ತರದ ಎರಡು ವರ್ಷ, ಎಂ.ಫಿಲ್.ನ ಎರಡು ವರ್ಷ, ಒಟ್ಟು ಏಳು ವರ್ಷಗಳ ಸಾಧನೆ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಆದರೂ ಚಿಕಿತ್ಸಾ ಮನಃಶಾಸ್ತ್ರದ ಅಗತ್ಯವನ್ನು ಮನಗಂಡು ಅನುದಾನ ಆಯೋಗವು 2024ರಲ್ಲಿ ಇದರ ಅವಧಿಯನ್ನು 2025-26ರ ಶೈಕ್ಷಣಿಕ ವರ್ಷದವರೆಗೆ ವಿಸ್ತರಿಸಿತು. ಪುನರ್ವಸತಿ ಪರಿಷತ್ತು ಇದರ ಸ್ಥಾನದಲ್ಲಿ ಹೊಸ ವ್ಯಾಸಂಗಕ್ರಮಗಳನ್ನು ತರುತ್ತಿದೆ. ಇಂತಹ ಪರಿವರ್ತನೆಯ ಕಾಲದಲ್ಲಿ ಹಿಂದಿನ ವರ್ಷ ಓದಿದವರ ಮಾತನ್ನು ನೆಚ್ಚದೆ, ಪ್ರವೇಶ ಪಡೆಯುವ ವರ್ಷದ ಪರಿಷತ್ತಿನ ಪಟ್ಟಿಯನ್ನೇ ನೋಡುವುದು ಕ್ಷೇಮ.

ಮತ್ತೊಂದು ಬದಲಾವಣೆಯನ್ನೂ ಗಮನಿಸಬೇಕು. ಮನೆಯಲ್ಲಿದ್ದುಕೊಂಡೇ, ಮದುವೆಯಾದ ಮೇಲೂ, ಅಂಚೆಯ ಮೂಲಕ ಮನಃಶಾಸ್ತ್ರದ ಎಂ.ಎ. ಮಾಡಿಕೊಂಡವರು ನಮ್ಮ ನಡುವೆ ಅನೇಕರಿದ್ದಾರೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ಕಾಯಿದೆಯ ವ್ಯಾಪ್ತಿಗೆ ಮನಃಶಾಸ್ತ್ರವೂ ಸೇರಿದ ಕಾರಣ, ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ಈ ವಿಷಯಕ್ಕೆ ಹೊಸದಾಗಿ ಪ್ರವೇಶ ನೀಡಬಾರದೆಂದು ಅನುದಾನ ಆಯೋಗ 2025ರಲ್ಲಿ ಸೂಚಿಸಿತು. ಆದುದರಿಂದ "ಮನೆಯಲ್ಲೇ ಕುಳಿತು ಮನಃಶಾಸ್ತ್ರಜ್ಞರಾಗಿ" ಎಂಬ ಜಾಹೀರಾತುಗಳನ್ನು ಕಂಡರೆ ಎಚ್ಚರದಿಂದಿರಬೇಕು.

ಉಳಿದ ದಾರಿಗಳು

ಚಿಕಿತ್ಸೆಯೊಂದೇ ಗುರಿಯಾಗಬೇಕೆಂದಿಲ್ಲ. ಅಧ್ಯಾಪನದಲ್ಲಿ ಆಸಕ್ತಿಯುಳ್ಳವರು ಸ್ನಾತಕೋತ್ತರ ಪದವಿಯ ನಂತರ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬಹುದು; ಅದಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 55 ಅಂಕಗಳು ಬೇಕೆಂಬುದನ್ನು ಮೊದಲ ವರ್ಷದಿಂದಲೇ ನೆನಪಿಡಬೇಕು. ಶಾಲೆಗಳ ಆಪ್ತಸಲಹೆ, ಉದ್ಯಮಗಳ ಸಿಬ್ಬಂದಿ ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ಸಂಶೋಧನೆ ಇವೆಲ್ಲ ಉಂಟು. ಇಂತಹ ಗುರಿಯುಳ್ಳವರಿಗೆ ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ಸಾಮಾನ್ಯ ಮನಃಶಾಸ್ತ್ರ ವಿಭಾಗಗಳು ಯೋಗ್ಯವಾದವು. ದುಬಾರಿ ಶುಲ್ಕದ ವಿಶೇಷ ವ್ಯಾಸಂಗಕ್ಕೆ ಸಾಲ ಮಾಡುವ ಅಗತ್ಯವಿಲ್ಲ.

ವಿದೇಶದಲ್ಲಿ ಬಂಧುಗಳಿದ್ದಾರೆಂದು ಅಲ್ಲಿಗೆ ಕಳುಹಿಸುವವರೂ ಯೋಚಿಸಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ವತಂತ್ರ ಮನಃಶಾಸ್ತ್ರಜ್ಞರೆನಿಸಿಕೊಳ್ಳಲು ಡಾಕ್ಟರೇಟ್ ಪದವಿಯೂ ಆ ರಾಜ್ಯದ ಪರವಾನಗಿಯೂ ಬೇಕು. ಎರಡು ವರ್ಷಗಳ ಪದವಿ ಸಾಲದು.

ಕಾಲೇಜಿಗೆ ಹೋಗಿ ಕೇಳಬೇಕಾದುದು

ಕಟ್ಟಡದ ಅಂದಕ್ಕೆ ಮರುಳಾಗದೆ ತಂದೆತಾಯಿಗಳು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ? ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆ ಅಥವಾ ಶಾಲೆಗೆ ತರಬೇತಿಗೆ ಕಳುಹಿಸುತ್ತಾರೆ, ಎಷ್ಟು ವಾರ? ಅಲ್ಲಿ ಅನುಭವಿಗಳು ಪಕ್ಕದಲ್ಲಿದ್ದು ತಿದ್ದುತ್ತಾರೆಯೇ, ಇಲ್ಲವೆ ಪ್ರಮಾಣಪತ್ರವಷ್ಟೇ ಸಿಗುತ್ತದೆಯೇ? ಹಿಂದೆ ಓದಿದವರು ಈಗ ಎಲ್ಲಿದ್ದಾರೆ? ಅನುಭವಿಗಳ ಕಣ್ಣೆದುರು ಕಲಿಯದೆ, ಪುಸ್ತಕದಿಂದ ಮಾತ್ರ ಕಲಿತ ಮನಃಶಾಸ್ತ್ರ ದಡದಲ್ಲಿ ನಿಂತು ಈಜು ಕಲಿತಂತೆ.

ವಿದ್ಯಾರ್ಥಿಯೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು. ಈ ವ್ಯಾಸಂಗದಲ್ಲಿ ಸಂಖ್ಯಾಶಾಸ್ತ್ರವುಂಟು, ಪ್ರಯೋಗಗಳುಂಟು. ಕಥೆ ಕೇಳುವ ಕುತೂಹಲವೊಂದೇ ಸಾಲದು. ಪಠ್ಯಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ನೊಂದು ಬಂದವರು ಮಾತನಾಡುವುದು ಕನ್ನಡದಲ್ಲಿ. ಎರಡೂ ಭಾಷೆಗಳಲ್ಲಿ ಹಿಡಿತವಿದ್ದವರೇ ಈ ನಾಡಿಗೆ ಉಪಯುಕ್ತರಾಗುವರು.

"ಹುಚ್ಚರ ನಡುವೆ ಕೆಲಸ ಮಾಡುವ ಹುಡುಗಿಯನ್ನು ಯಾರು ಸೊಸೆಯಾಗಿ ತಂದುಕೊಳ್ಳುತ್ತಾರೆ?" ಎಂಬ ಅಳುಕು ಕೆಲವು ಹಿರಿಯರಲ್ಲಿ ಇನ್ನೂ ಉಳಿದಿದೆ. ದೇಹಕ್ಕೆ ಬರುವ ಜಡ್ಡಿನಂತೆ ಮನಸ್ಸಿಗೂ ಜಡ್ಡು ಬರುತ್ತದೆ; ಅದನ್ನು ಆರೈಕೆ ಮಾಡುವುದು ಗೌರವದ ಕಾಯಕ. ಈ ಅಳುಕಿನಿಂದ ಮಕ್ಕಳನ್ನು ತಡೆಯುವುದು ತರವಲ್ಲ. ಹಾಗೆಯೇ ಮೋಹಕ ಹೆಸರಿಗೆ ಮರುಳಾಗಿ ಅವಸರದಲ್ಲಿ ತಳ್ಳುವುದೂ ತರವಲ್ಲ. ಯಾವ ಕೆಲಸ ಎಂಬುದು ಮೊದಲು, ಅದಕ್ಕೆ ಬೇಕಾದ ಮಾನ್ಯತೆ ಎರಡನೆಯದು, ಕಾಲೇಜು ಮೂರನೆಯದು. ಈ ಕ್ರಮದಲ್ಲಿ ವಿಚಾರ ಮಾಡಿದ ಕುಟುಂಬಕ್ಕೆ ಆಯ್ಕೆ ಕಷ್ಟವಾಗದು ಎಂಬುದು ನಮ್ಮ ನಂಬುಗೆ.